ಊಟಿಯ ಹಕ್ಕಿ ಪಾಲಕ್ಕಾಡ್ ದಾಟಲಿಲ್ಲ

ಶನಿವಾರ: ಮೈಸೂರಿನಿಂದ ಊಟಿಗೆ

ದಸರಾ ರಜೆಯಲ್ಲಿ ಊರಿಗೆ ಊರೇ ಮೈಸೂರಿಗೆ ಬರುತ್ತದೆ, ನಾವು ಮೂವರು ಮೈಸೂರು ಬಿಟ್ಟು ಹೊರಟೆವು. ನಾನು, ತಂಗಿ, ತಂಗಿಯ ಮಗಳು ಪುಟ್ಟಿ. ಕಾರು ತಂಗಿಯದು, ದಾರಿ ನನ್ನದು. ಊಟಿ, ಪೊಳ್ಳಾಚಿ, ಮುನ್ನಾರ್, ಅಲ್ಲಿಂದ ದಕ್ಷಿಣಕ್ಕೆ ಸೆಂಗೋಟ್ಟೈ. ಮ್ಯಾಪ್ ನೋಡಿದ ತಂಗಿ, "ಅಕ್ಕ, ಇದೇನು ಬರೀ ಹತ್ತೋದು ಇಳಿಯೋದು, ಮತ್ತೆ ಹತ್ತೋದು" ಅಂದಳು. ನನಗೆ ಬೇಕಾಗಿದ್ದೇ ಅದು.

ವಿಷಯ ಇಷ್ಟು. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡಿನಲ್ಲಿ, ಅಂದರೆ ಹುಲ್ಲುಬೆಟ್ಟಗಳ ಸಂದಿಯ ತಂಪು ಕಾಡಿನಲ್ಲಿ, ಶೋಲಕಿಳಿ ಅಂತ ಒಂದು ಪುಟ್ಟ ನೀಲಿ ಹಕ್ಕಿ ಇದೆ. ನೀಲಗಿರಿಯಲ್ಲಿ ಒಂದು ಥರ. ಪಾಲಕ್ಕಾಡ್ ಕಣಿವೆ ದಾಟಿ ಆನೈಮಲೈ, ಪಳನಿ ಬೆಟ್ಟಕ್ಕೆ ಹೋದರೆ ಇನ್ನೊಂದು ಥರ. ಸೆಂಗೋಟ್ಟೈ ಕಣಿವೆಯನ್ನೂ ದಾಟಿ ಅಗಸ್ತ್ಯಮಲೆಗೆ ಹೋದರೆ ಮೂರನೇ ಥರ. ಮೂರೂ ಬೇರೆ ಬೇರೆ ಪ್ರಭೇದ. ಹೊಸ ಪ್ರಭೇದ ಹೇಗೆ ಹುಟ್ಟುತ್ತದೆ ಅಂದರೆ ಎಲ್ಲರೂ ಡಾರ್ವಿನ್ ನೋಡಿದ ಗಲಪಗೋಸ್ ದ್ವೀಪದ ಹಕ್ಕಿಗಳ ಕಥೆಯನ್ನೇ ಹೇಳುತ್ತಾರೆ. ಅದು ಒಳ್ಳೆ ಕಥೆಯೇ. ಆದರೆ ಮೈಸೂರಿನಿಂದ ಕಾರಿನಲ್ಲಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವ ಜಾಗದಲ್ಲೇ ಅದೇ ಪಾಠ ಕಣ್ಣೆದುರಿಗೆ ಇರುವಾಗ ನಮ್ಮ ಮಕ್ಕಳಿಗೆ ಅದನ್ನು ಯಾರೂ ತೋರಿಸುವುದಿಲ್ಲ ಅನ್ನುವುದು ನನಗೆ ಬಹಳ ದಿನದ ಬೇಜಾರು. ಪುಟ್ಟಿ ಸೆಕೆಂಡ್ ಪಿಯುಸಿ, ಜೀವವಿಕಾಸದ ಪಾಠ ಆಗಿದೆ, ಪರೀಕ್ಷೆಗೆ ಬೇಕಾದಷ್ಟು ಬಾಯಿಪಾಠವೂ ಆಗಿದೆ. ಅವಳನ್ನು ಕರೆದುಕೊಂಡು ಹೊರಟಿದ್ದು ಅದಕ್ಕೇ.

ಬಂಡೀಪುರ, ಗೂಡಲೂರು, ಊಟಿ. ರಜೆಯ ಟ್ರಾಫಿಕ್ ಇತ್ತು. ನೀಲಗಿರಿಗೆ ಹೋಗಲು ಈಗ ಇ-ಪಾಸ್ ಬೇಕು, ಮೊದಲೇ ಮಾಡಿಸಿಕೊಳ್ಳಿ. ದಾರಿಯ ಬಗ್ಗೆ ಬೇರೇನೂ ಹೇಳುವಂಥದ್ದಿಲ್ಲ.

ಉಳಿದುಕೊಂಡ ಮನೆಯವರು ಬಡಗರು. ಆ ಅಮ್ಮ ನಮ್ಮ ಜೊತೆ ಮಾತಾಡುವಾಗ ಬೇಕಂತಲೇ ನಮಗೆ ತಿಳಿಯುವ ಹಾಗೆ ನಿಧಾನವಾಗಿ ಆಡುತ್ತಿದ್ದರು, ಮುಕ್ಕಾಲು ಪಾಲು ತಿಳಿಯುತ್ತಿತ್ತು. ಅದೇ ಅಡುಗೆಮನೆಯಲ್ಲಿ ಮಗನ ಜೊತೆ ಆಡಿದ್ದು ಮಾತ್ರ ಅರ್ಧವೂ ಹಿಡಿಯಲಿಲ್ಲ. ಇವರ ಹಿರಿಯರು ಕೆಲವು ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಅಂತ ಅವರಲ್ಲೇ ಹೇಳಿಕೆ ಇದೆ. ಕೆಳಗಿನವರ ಮಾತು ಕೆಳಗೆ ಬದಲಾಯಿತು, ಮೇಲಿನವರ ಮಾತು ಮೇಲೆ ಬದಲಾಯಿತು. ಯಾರೂ ಕೂತು ಬದಲಾಯಿಸಲಿಲ್ಲ. ಇವತ್ತು ಬಡಗ ಬೇರೆಯದೇ ಭಾಷೆ ಅಂತ ಭಾಷೆ ಬಲ್ಲವರು ಹೇಳುತ್ತಾರೆ, ಆದರೆ ಯಾವ ವರ್ಷದಿಂದ ಬೇರೆ ಆಯಿತು ಅಂತ ಯಾರಿಗೂ ಹೇಳೋಕೆ ಆಗುವುದಿಲ್ಲ. ಊಟ ಆದಮೇಲೆ ಪುಟ್ಟಿಗೆ ಇದನ್ನು ಹೇಳಿ, ನಾಳೆ ಹಕ್ಕಿ ನೋಡುವಾಗ ಇದನ್ನೇ ನೆನಪಿಟ್ಟುಕೋ ಅಂದೆ.

ಭಾನುವಾರ: ಊಟಿಯ ಶೋಲಾ

ಬೆಳಗ್ಗೆ ಆರಕ್ಕೆಲ್ಲ ದೊಡ್ಡಬೆಟ್ಟದ ರಸ್ತೆಯಲ್ಲಿದ್ದೆವು. 2,637 ಮೀಟರ್ ಎತ್ತರದ ಬೆಟ್ಟ. ಅಂಗಡಿಗಳು ತೆರೆಯುವ ಮೊದಲು ಹೋದರೆ ಮಾತ್ರ ಹಕ್ಕಿ ಸಿಗುತ್ತದೆ. ರಸ್ತೆಯ ಪಕ್ಕದ ಪೊದೆಯಲ್ಲಿ ಗಲಾಟೆಯೋ ಗಲಾಟೆ, ನೀಲಗಿರಿ ಚಿಲಪ್ಪನ್ ಅನ್ನುವ ಹಕ್ಕಿಗಳ ಗುಂಪು. ಹಣ್ಣಿನ ಪೊದೆಯಲ್ಲಿ ನೇತಾಡಿಕೊಂಡು, ಒಂದನ್ನೊಂದು ಓಡಿಸಿಕೊಂಡು, ಜನ ಇದ್ದಾರೆ ಅನ್ನುವ ಹೆದರಿಕೆಯೇ ಇಲ್ಲ. ಹೊಟ್ಟೆ ಎದೆ ಎಲ್ಲ ಇಟ್ಟಿಗೆ ಬಣ್ಣ, ಗದ್ದ ಕಪ್ಪು, ಕಣ್ಣಿನ ಮೇಲೆ ದಪ್ಪ ಬಿಳಿ ಹುಬ್ಬು. ಈ ಬಣ್ಣಗಳನ್ನು ಬರೆದಿಟ್ಟುಕೋ ಅಂತ ಪುಟ್ಟಿಗೆ ಹೇಳಿದೆ, ಮುನ್ನಾರ್‌ನಲ್ಲಿ ಬೇಕಾಗುತ್ತದೆ.

ಶೋಲಕಿಳಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಕೈರ್ನ್ ಹಿಲ್ ಕಾಡಿಗೆ ಹೋದೆವು. ಹಾದಿಯ ಪಕ್ಕ ಸುಮ್ನೆ ಕೂತೆವು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯೋಣ ಅಂತ ಪುಟ್ಟಿ ಕೇಳಿದಳು, ನಾನು ಬೇಡ ಅಂದೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಅದು ಮೇವು ಬಿಟ್ಟು ಓಡಿ ಬರುತ್ತದೆ, ಇಲ್ಲದ ಶತ್ರುವಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಒಂದು ಫೋಟೋಗೋಸ್ಕರ ಅದಕ್ಕೆ ಆ ಹಿಂಸೆ ಕೊಡುವುದು ಸರಿಯಲ್ಲ.

ಕೊನೆಗೂ ಬಂತು. ಕಾಡಿನ ತಳದಲ್ಲಿ, ಉದುರಿದ ಎಲೆಗಳ ಮೇಲೆ, ಬೆಳಕು ಬೀಳದ ಕಡೆ. ಉದ್ದ ಕಾಲು, ಗಿಡ್ಡ ರೆಕ್ಕೆ, ಬೆನ್ನೆಲ್ಲ ಮಬ್ಬು ನೀಲಿ. ಎರಡು ಹೆಜ್ಜೆ ಕುಪ್ಪಳಿಸುತ್ತದೆ, ನಿಲ್ಲುತ್ತದೆ, ತಲೆ ಓರೆ ಮಾಡಿ ಎಲೆಯ ಕೆಳಗಿನ ಹುಳವನ್ನು ನೋಡುತ್ತದೆ, ಒಂದು ಎಲೆಯನ್ನು ಕೊಕ್ಕಿನಿಂದ ಎತ್ತಿ ಪಕ್ಕಕ್ಕೆ ಎಸೆಯುತ್ತದೆ. ಹೊಟ್ಟೆ ಮಧ್ಯೆ ಬಿಳಿ. ಎರಡೂ ಪಕ್ಕೆಗಳಲ್ಲಿ ಕಂದುಗೆಂಪು. ಆ ಕಂದುಗೆಂಪು ಪಕ್ಕೆಯೇ ನೀಲಗಿರಿಯ ಗುರುತು. ನಾವು ಅಷ್ಟು ಹೊತ್ತು ನೋಡಿದರೂ ಅದು ಮೊಣಕಾಲಿಗಿಂತ ಎತ್ತರಕ್ಕೆ ಒಮ್ಮೆಯೂ ಹಾರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಹಕ್ಕಿ ಸುಮಾರು ಸಾವಿರ ಮೀಟರ್‌ಗಿಂತ ಕೆಳಗೆ ಇಳಿಯುವುದು ಕಡಿಮೆ. ತಂಪು ಬೇಕು, ನೆರಳು ಬೇಕು, ತೇವ ಬೇಕು. ಇಂಥ ಬೆಟ್ಟದ ತಲೆಗಳಿಗೆ ವಿಜ್ಞಾನಿಗಳು ಆಕಾಶದ ದ್ವೀಪ ಅಂತಾರೆ. ಸುತ್ತ ಇರುವುದು ನೀರಲ್ಲ, ಬಿಸಿ ಬಯಲು. ಆದರೆ ಈ ಹಕ್ಕಿಗೆ ಎರಡೂ ಒಂದೇ, ಎರಡನ್ನೂ ದಾಟಲಾಗದು.

19ನೇ ಶತಮಾನದಲ್ಲಿ ಇದನ್ನು ನೋಡಿದ ಪಕ್ಷಿತಜ್ಞರು ಇದು ಹಿಮಾಲಯದ ಯಾವುದೋ ಹಕ್ಕಿಯ ನೆಂಟ ಅಂದುಕೊಂಡರು. ಆಮೇಲೂ ಒಂದು ಕುಲದಿಂದ, ಅಂದರೆ ಹತ್ತಿರದ ಪ್ರಭೇದಗಳ ಒಂದು ಗುಂಪಿನಿಂದ, ಇನ್ನೊಂದು ಕುಲಕ್ಕೆ ಸೇರಿಸುತ್ತಲೇ ಇದ್ದರು. 2017ರಲ್ಲಿ ಈ ಹಕ್ಕಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿ ವಿ.ವಿ. ರಾಬಿನ್ ಮತ್ತು ಜೊತೆಯವರು ಡಿಎನ್‌ಎ ನೋಡಿ, ಇದು ಆ ಯಾವ ಕುಲಕ್ಕೂ ಸೇರಿದ್ದಲ್ಲ, ಘಟ್ಟದಲ್ಲೇ ಬೆಳೆದ ಬೇರೆಯದೇ ಕುಲ ಅಂತ ತೋರಿಸಿದರು. ಶೋಲಿಕೋಲ ಅಂತ ಹೆಸರಿಟ್ಟರು. ಚಿಲಪ್ಪನ್‌ಗಳಿಗೂ ಹಾಗೆಯೇ, ಮಾಂಟೆಸಿಂಕ್ಲ ಅನ್ನುವ ಹೊಸ ಕುಲ. ಒಂದರಲ್ಲಿ ಮೂರು ಪ್ರಭೇದ, ಇನ್ನೊಂದರಲ್ಲಿ ನಾಲ್ಕು, ಏಳೂ ದಕ್ಷಿಣದ ಈ ಬೆಟ್ಟಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಈ ಹಕ್ಕಿಗಳ ಮೇಲಿನ ಮೊದಲ ಡಿಎನ್‌ಎ ಕೆಲಸದ ಬಹುಪಾಲು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ, ಉಮಾ ರಾಮಕೃಷ್ಣನ್ ಅವರ ಲ್ಯಾಬಿನ ಜೊತೆಗೂಡಿ ಆದದ್ದು. ಬೆಂಗಳೂರಿನ ಎಷ್ಟು ಜನಕ್ಕೆ ಇದು ಗೊತ್ತು?

ಸೋಮವಾರ: ಕಣಿವೆ

ಕೋಟಗಿರಿ ಮೇಲೆ ಇಳಿದೆವು. ದಾರಿಯಲ್ಲಿ ಲಾಂಗ್‌ವುಡ್ ಶೋಲಾ, 116 ಹೆಕ್ಟೇರ್ ಕಾಡು, ಸುತ್ತ ಟೀ ತೋಟ ಮತ್ತು ಮನೆಗಳು. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು. ಅದೇ ಸಲ ನಮ್ಮ ಅಂಕಸಮುದ್ರ, ಅಘನಾಶಿನಿ, ಮಾಗಡಿ ಕೆರೆಯೂ ಸೇರಿದವು. ಹೊರಗಿನಿಂದಲೇ ನೋಡಿ ಮುಂದೆ ಹೋದೆವು.

ಮೆಟ್ಟುಪಾಳಯಂ ಬಂದ ಕೂಡಲೇ ಸ್ವೆಟರ್ ತೆಗೆದೆವು. ಕೊಯಮತ್ತೂರು ದಾಟಿ, ಪೊಳ್ಳಾಚಿಯಲ್ಲಿ ರೂಮಿಗೆ ಸಾಮಾನು ಹಾಕಿ, ಸಂಜೆ ಪಾಲಕ್ಕಾಡ್ ರಸ್ತೆಗೆ ಹೋಗಿ ಕಾರು ನಿಲ್ಲಿಸಿದೆವು. ನಾನು ಈ ಪ್ರವಾಸ ಮಾಡಿದ್ದೇ ಈ ಜಾಗಕ್ಕೆ ಅಂದರೆ ತಪ್ಪಲ್ಲ. ಫೋಟೋ ತೆಗೆಯುವಂಥದ್ದು ಏನೂ ಇಲ್ಲ. ತೆಂಗಿನ ತೋಟ, ಗದ್ದೆ, ಲಾರಿಗಳು, ಬಿಸಿಗಾಳಿ. ಮಳೆ ಬಂದು ಆಕಾಶ ತೊಳೆದಿತ್ತು. ಉತ್ತರಕ್ಕೆ ತಿರುಗಿದರೆ ದೂರದಲ್ಲಿ ನೀಲಗಿರಿ ಕಡೆಯ ಬೆಟ್ಟಗಳ ಗೋಡೆ, ದಕ್ಷಿಣಕ್ಕೆ ತಿರುಗಿದರೆ ಆನೈಮಲೈನ ಗೋಡೆ. ನಡುವೆ ಸುಮಾರು 30 ಕಿಲೋಮೀಟರ್ ಅಗಲದ ಬಯಲು, ಸಮುದ್ರ ಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರ ಅಷ್ಟೇ. ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯವರೆಗೆ ಬರುವ ಘಟ್ಟಕ್ಕೆ ಇಷ್ಟು ದೊಡ್ಡ ಬಿರುಕು ಬೇರೆ ಕಡೆ ಇಲ್ಲ.

ಮೂವತ್ತು ಕಿಲೋಮೀಟರ್ ಹಕ್ಕಿಗೆ ಏನು ಮಹಾ, ಅಲ್ವಾ? ತಂಗಿಯೂ ಅದನ್ನೇ ಕೇಳಿದಳು. ಕರೆಂಟ್ ಕಂಬಿಯ ಮೇಲೆ ಕೂತಿದ್ದ ಪಿಕಳಾರವನ್ನು ತೋರಿಸಿದೆ. ಈ ಹಕ್ಕಿಗೆ ಏನೂ ಅಲ್ಲ. ತೋಟ, ಊರು, ಬೇಲಿ ಎಲ್ಲ ಇದಕ್ಕೆ ಆಗುತ್ತದೆ, ಹಾಗಾಗಿ ಕಣಿವೆಯ ಈ ಕಡೆಯೂ ಅದೇ ಪಿಕಳಾರ, ಆ ಕಡೆಯೂ ಅದೇ. ಆದರೆ ನೆಲದ ಮೇಲೆ ಕುಪ್ಪಳಿಸುವ, ಬಿಸಿಲಿಗೆ ಬರದ, ಎಲೆರಾಶಿ ಬಿಟ್ಟು ಹೋಗದ ಆ ನೀಲಿ ಹಕ್ಕಿಯನ್ನು ಇಲ್ಲಿ ತಂದು ಬಿಟ್ಟರೆ ಏನಾಗುತ್ತದೆ ಯೋಚಿಸು ಅಂದೆ. ಅವಳು ತೆಂಗಿನ ತೋಟದ ಕಡೆ ನೋಡಿ ಸುಮ್ಮನಾದಳು.

ಹೊಸ ಪ್ರಭೇದದ ಕಥೆ ಶುರುವಾಗುವುದು ಇಲ್ಲಿ. ಬೆಟ್ಟದ ಮೇಲಲ್ಲ, ಬೆಟ್ಟಗಳ ನಡುವಿನ ಈ ಜಾಗದಲ್ಲಿ. ನಾವು ಯಾವಾಗಲೂ ಹಕ್ಕಿಯನ್ನೇ ನೋಡುತ್ತೇವೆ, ಅದರ ಕೊಕ್ಕು, ಬಣ್ಣ, ಅದಕ್ಕೆ ಯಾವುದು ಉಪಯೋಗ ಅಂತ. ಅದೂ ಬೇಕು. ಆದರೆ ಒಂದು ಪ್ರಭೇದ ಎರಡಾಗಬೇಕಾದರೆ ಮೊದಲು ಕೂಡಾವಳಿ ನಿಲ್ಲಬೇಕು. ಹವೆ ತಂಪಾಗಿ ಮಳೆ ಜಾಸ್ತಿ ಇದ್ದ ಕಾಲದಲ್ಲಿ ಎತ್ತರದ ಕಾಡು ಕೆಳಗಿಳಿದು ಬಂದಿರುತ್ತದೆ, ಹಕ್ಕಿಗಳು ಕಾಡಿನ ಜೊತೆಗೇ ಬಂದು ದಾಟಿರುತ್ತವೆ. ಮತ್ತೆ ಬಿಸಿ ಏರಿದಾಗ ಕಾಡು ಬೆಟ್ಟದ ಮೇಲಕ್ಕೆ ಹಿಂದೆ ಸರಿಯುತ್ತದೆ. ಕೆಲವು ಹಕ್ಕಿ ಉತ್ತರದ ಬೆಟ್ಟದಲ್ಲಿ, ಕೆಲವು ದಕ್ಷಿಣದಲ್ಲಿ ಉಳಿದುಕೊಳ್ಳುತ್ತವೆ. ಅಲ್ಲಿಗೆ ದಾರಿ ಮುಚ್ಚಿತು.

ಆಮೇಲೆ ನಡೆಯುವುದಕ್ಕೆ ಯಾರ ಯೋಜನೆಯೂ ಬೇಕಿಲ್ಲ. ಪ್ರತಿ ಮರಿಯಲ್ಲೂ ಅಪ್ಪ ಅಮ್ಮನ ಡಿಎನ್‌ಎಗೆ ಇಲ್ಲದ ಕೆಲವು ಸಣ್ಣ ಬದಲಾವಣೆಗಳು ಇದ್ದೇ ಇರುತ್ತವೆ. ಹೆಚ್ಚಿನವು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಕೆಲವು ಸುಮ್ನೆ ಅದೃಷ್ಟದಿಂದ ಹರಡುತ್ತವೆ, ಗುಂಪು ಚಿಕ್ಕದಾದಷ್ಟೂ ಅದೃಷ್ಟದ ಪಾಲು ಜಾಸ್ತಿ. ಕೆಲವು ಆ ಬೆಟ್ಟದ ಚಳಿಗೆ, ಮಳೆಗೆ, ಅಲ್ಲಿಯ ಹುಳುಗಳಿಗೆ ಸರಿಹೊಂದುವುದರಿಂದ ಉಳಿಯುತ್ತವೆ, ಅದು ನಿಸರ್ಗದ ಆಯ್ಕೆ. ಇನ್ನು ಕೆಲವು ಹೆಣ್ಣು ಹಕ್ಕಿಗೆ ಆ ಹಾಡು ಹಿಡಿಸಿತು ಅನ್ನುವ ಕಾರಣಕ್ಕೇ ಉಳಿಯುತ್ತವೆ. ದಾರಿ ತೆರೆದಿದ್ದಾಗ ಒಂದು ಕಡೆಯ ಬದಲಾವಣೆ ಇನ್ನೊಂದು ಕಡೆಗೂ ಹೋಗಿ ಎಲ್ಲ ಒಂದೇ ಆಗಿ ಇರುತ್ತಿತ್ತು. ದಾರಿ ಮುಚ್ಚಿದ ಮೇಲೆ ಉತ್ತರದ್ದು ಉತ್ತರದಲ್ಲೇ, ದಕ್ಷಿಣದ್ದು ದಕ್ಷಿಣದಲ್ಲೇ ಸೇರುತ್ತಾ ಹೋಗುತ್ತವೆ. ಹೀಗೆ ಬಹಳ ಬಹಳ ಕಾಲ ಕಳೆದ ಮೇಲೆ ಒಂದು ದಿನ ಇವೆರಡೂ ಎದುರಾದರೂ ಒಂದರ ಹಾಡು ಇನ್ನೊಂದಕ್ಕೆ ಹಾಡು ಅಂತಲೇ ಅನ್ನಿಸದಿರಬಹುದು, ಕೂಡಿದರೂ ಮರಿ ಆಗದಿರಬಹುದು. ತಮ್ಮತಮ್ಮಲ್ಲಿ ಕೂಡಿ ಸಂತಾನ ಬೆಳೆಸುವ, ಬೇರೆಯವುಗಳ ಜೊತೆ ಕೂಡದ ಗುಂಪೇ ಪ್ರಭೇದ ಅಂತ ಜೀವವಿಜ್ಞಾನಿ ಅರ್ನ್‌ಸ್ಟ್ ಮಯರ್ 1942ರಲ್ಲಿ ಹೇಳಿದ್ದು ಇದೇ ಅರ್ಥದಲ್ಲಿ.

"ಹಾಗಾದ್ರೆ ಊಟಿ ಹಕ್ಕಿಯಿಂದ ಮುನ್ನಾರ್ ಹಕ್ಕಿ ಹುಟ್ಟಿತು ಅನ್ನು" ಅಂದಳು ತಂಗಿ. ಅಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಎಲ್ಲ ಗೊಂದಲವೂ ಇಲ್ಲೇ ಇದೆ. ಊಟಿ ಹಕ್ಕಿ ಮುನ್ನಾರ್ ಹಕ್ಕಿ ಆಗಲಿಲ್ಲ. ಎರಡಕ್ಕೂ ಒಂದೇ ಹಳೆಯ ಹಕ್ಕಿ ಮೂಲ, ಆ ಹಳೆಯದು ಈಗ ಇಲ್ಲ. ಮಂಗನಿಂದ ಮಾನವ ಆಗಿದ್ದರೆ ಈಗಿನ ಮಂಗ ಯಾಕೆ ಮನುಷ್ಯ ಆಗುತ್ತಿಲ್ಲ ಅಂತ ಮದುವೆ ಮನೆಯಲ್ಲಿ, ವಾಟ್ಸಾಪಿನಲ್ಲಿ ಎಷ್ಟು ಸಲ ಕೇಳುತ್ತೇವೆ. ಉತ್ತರ ಇದೇ. ಈಗಿನ ಕೋತಿ ನಮ್ಮ ಅಜ್ಜ ಅಲ್ಲ. ದೂರದ ದಾಯಾದಿ.

ಪುಟ್ಟಿ ಆ ಬಿಸಿಲಿನಲ್ಲಿ ರಸ್ತೆಯ ಅಂಚಿಗೆ ನಿಂತು ಒಂದು ಸಲ ಉತ್ತರ, ಒಂದು ಸಲ ದಕ್ಷಿಣ ನೋಡುತ್ತಿದ್ದಳು. "ದೊಡ್ಡಮ್ಮ, ನಾವು ಒಂದು ಗಂಟೇಲಿ ದಾಟ್ತೀವಲ್ಲ" ಅಂದಳು.

ಮಂಗಳವಾರ: ಚಿನ್ನಾರ್ ಮೇಲೆ ಮುನ್ನಾರ್‌ಗೆ

ಉಡುಮಲೈಪೇಟೆಯಿಂದ ಚಿನ್ನಾರ್ ಕಾಡಿನೊಳಗೆ ರಸ್ತೆ. ಘಟ್ಟದ ಮಳೆನೆರಳಿನ ಕಡೆ, ಮುಳ್ಳುಕಂಟಿ, ಕಳ್ಳಿ, ಒಣ ಕಾಡು. ಇದೇ ಬೆಟ್ಟದ ಮೇಲ್ಗಡೆ ಜಡಿಮಳೆ. ಮರಯೂರಿನಲ್ಲಿ ಗಂಧದ ಮರಗಳಿಗೆ ಬೇಲಿ ಹಾಕಿ ಕಾಯುತ್ತಾರೆ, ಬೆಲ್ಲ ಚೆನ್ನಾಗಿರುತ್ತದೆ, ತಂದೆವು.

ಕಾರಿನಲ್ಲಿ ಪುಟ್ಟಿಯ ಪ್ರಶ್ನೆ: ಬೆಟ್ಟ, ಕಣಿವೆ, ಸಮುದ್ರ ಅಡ್ಡ ಬರದಿದ್ದರೆ ಹೊಸ ಪ್ರಭೇದ ಆಗುವುದೇ ಇಲ್ಲವಾ? ಒಳ್ಳೆ ಪ್ರಶ್ನೆ. ಆಗುತ್ತದೆ. ಅಡ್ಡ ಬರುವುದು ಜಾಗವೇ ಆಗಬೇಕಿಲ್ಲ, ಕಾಲವೂ ಆಗಬಹುದು. ಅಮೆರಿಕದಲ್ಲಿ ಹಾಥಾರ್ನ್ ಅನ್ನುವ ಕಾಡುಮರದ ಹಣ್ಣಿನಲ್ಲಿ ಮೊಟ್ಟೆ ಇಡುವ ಒಂದು ನೊಣ ಇದೆ. ವಲಸೆ ಬಂದವರು ಅಲ್ಲಿಗೆ ಸೇಬು ತಂದು ನೆಟ್ಟರು. 1800ರ ದಶಕಗಳ ಮಧ್ಯದ ಹೊತ್ತಿಗೆ ಕೆಲವು ನೊಣಗಳು ಸೇಬಿಗೆ ಹೋದವು. ಸೇಬು ಹಣ್ಣಾಗುವುದು ಕೆಲವು ವಾರ ಮೊದಲು. ಈ ನೊಣಗಳು ಗಂಡುಹೆಣ್ಣು ಸೇರುವುದೇ ಹಣ್ಣಿನ ಮೇಲೆ. ಹಾಗಾಗಿ ಸೇಬಿನಲ್ಲಿ ಬೆಳೆದ ನೊಣ ಸೇಬಿನ ಕಾಲಕ್ಕೆ ಹೊರಬಂದು ಸೇಬಿನ ಮೇಲೆ ಜೊತೆ ಹುಡುಕುತ್ತದೆ, ಹಾಥಾರ್ನ್ ನೊಣ ಅದರ ಕಾಲಕ್ಕೆ ಅದರ ಮರದಲ್ಲಿ. ಒಂದೇ ಊರು, ಅಕ್ಕಪಕ್ಕದ ಮರ, ಆದರೂ ಕೂಡಾವಳಿ ಕಡಿಮೆಯಾಗಿ ಎರಡು ಗುಂಪುಗಳ ಜೀನ್‌ಗಳಲ್ಲಿ ಈಗಾಗಲೇ ವ್ಯತ್ಯಾಸ ಕಾಣುತ್ತದೆ. ಇನ್ನೂ ಎರಡು ಪ್ರಭೇದ ಅನ್ನುವಷ್ಟು ದೂರ ಹೋಗಿಲ್ಲ, ಅರ್ಧ ದಾರಿಯಲ್ಲಿವೆ.

ಗಿಡಗಳಲ್ಲಿ ಇನ್ನೂ ಬೇಗ. ಟ್ರಾಗೋಪೋಗನ್ ಅನ್ನುವ ಯುರೋಪಿನ ಹೂಗಿಡದ ಮೂರು ಪ್ರಭೇದಗಳು 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್, ಐಡಾಹೊ ಗಡಿಯ ಕಡೆ ಒಟ್ಟಿಗೆ ಬೆಳೆದವು. ಅವು ಬೆರಕೆಯಾಗಿ, ಕ್ರೋಮೋಸೋಮ್‌ಗಳು ದುಪ್ಪಟ್ಟಾಗಿ ಎರಡು ಹೊಸ ಪ್ರಭೇದ ಹುಟ್ಟಿದವು, 1950ರಲ್ಲಿ ಅವಕ್ಕೆ ಹೆಸರು ಬಿತ್ತು. ಅಜ್ಜನ ಕಾಲದಲ್ಲಿ ಭೂಮಿಯ ಮೇಲೆ ಇಲ್ಲದ ಗಿಡ ಮೊಮ್ಮಗನ ಕಾಲದಲ್ಲಿ ರಸ್ತೆ ಬದಿಯಲ್ಲಿ ಹೂ ಬಿಡುತ್ತಿತ್ತು! "ಪಾಲಿಪ್ಲಾಯ್ಡಿ, ನಮಗೂ ಇದೆ, ಆದರೆ ಹಿಂಗೆ ಅಂತ ಹೇಳಲೇ ಇಲ್ಲ" ಅಂದಳು ಪುಟ್ಟಿ.

ಬುಧವಾರ: ರಾಜಮಲೆ

ಎರವಿಕುಳಂ ರಾಷ್ಟ್ರೀಯ ಉದ್ಯಾನದ ಬಸ್ಸಿನಲ್ಲಿ ರಾಜಮಲೆಗೆ. 2,695 ಮೀಟರ್‌ನ ಆನೆಮುಡಿ ಮೋಡದಲ್ಲಿ ಮುಚ್ಚಿಹೋಗಿತ್ತು. ರಸ್ತೆ ಪಕ್ಕದಲ್ಲೇ ವರೆಯಾಡು, ಅಂದರೆ ನೀಲಗಿರಿ ತಾರ್, ಮಂದೆಯಾಗಿ ಮೇಯುತ್ತಿದ್ದವು. ಒಂದು ವಯಸ್ಸಾದ ಗಂಡು, ಬೆನ್ನ ಮೇಲೆ ಬೂದುಬಿಳಿ ಪಟ್ಟೆ, ಜಾರು ಬಂಡೆಯ ಅಂಚಿನಲ್ಲಿ ನಾಲ್ಕೂ ಗೊರಸು ಒಟ್ಟಿಗೆ ಊರಿಕೊಂಡು ನಿಂತು ಮಳೆಹನಿಯನ್ನು ಮೈಯಿಂದ ಕೊಡವಿತು. ಹಿಮಾಲಯದಲ್ಲೂ ಒಂದು ತಾರ್ ಇದೆ, ನೋಡಲು ಹೀಗೆಯೇ. ಎರಡೂ ಒಂದೇ ಕುಲ ಅಂತಲೇ ಬಹಳ ಕಾಲ ಎಣಿಸಿದ್ದರು. 2005ರಲ್ಲಿ ಡಿಎನ್‌ಎ ಬೇರೆ ಕಥೆ ಹೇಳಿತು. ನಮ್ಮ ತಾರ್‌ಗೆ ಹತ್ತಿರದ ನೆಂಟ ಹಿಮಾಲಯದ ತಾರ್ ಅಲ್ಲ, ಕುರಿಗಳ ಕಡೆಯವು. ಕಡಿದಾದ ಬಂಡೆ, ಚಳಿ, ಹುಲ್ಲು, ಇಂಥ ಜಾಗದ ಬದುಕು ಬೇರೆ ಬೇರೆ ವಂಶದ ಪ್ರಾಣಿಗಳನ್ನೂ ಒಂದೇ ರೂಪಕ್ಕೆ ತರುತ್ತದೆ. ಶೋಲಕಿಳಿ ವಿಷಯದಲ್ಲೂ ಹಿಂದಿನವರನ್ನು ದಾರಿ ತಪ್ಪಿಸಿದ್ದು ಇಂಥದ್ದೇ ಹೋಲಿಕೆ.

ಗೇಟಿನ ಹತ್ತಿರ ಚಿಲಪ್ಪನ್ ಗುಂಪು ಸಿಕ್ಕಿತು. ಪುಟ್ಟಿ ನೋಟ್‌ಬುಕ್ ತೆಗೆದಳು. ಅದೇ ಗಲಾಟೆ, ಅದೇ ನೇತಾಟ, ಅದೇ ಬಿಳಿ ಹುಬ್ಬು. ಆದರೆ ಗದ್ದದಲ್ಲಿ ಕಪ್ಪು ಇಲ್ಲ. ಎದೆ ಇಟ್ಟಿಗೆ ಬಣ್ಣ ಅಲ್ಲ, ಬೂದು, ಅದರ ಮೇಲೆ ಸಣ್ಣ ಗೆರೆಗಳು. ಇದು ಪಳನಿ ಚಿಲಪ್ಪನ್. ಅವಳು ಎರಡು ಪುಟ ತಿರುಗಿಸಿ ತಿರುಗಿಸಿ ನೋಡಿದಳು, "ಅಯ್ಯೋ, ನಿಜವಾಗ್ಲೂ ಬೇರೆ!" ಅಂದಳು. ಪುಸ್ತಕದಲ್ಲಿ ಓದಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಸೋಮವಾರದ ಆ ಬಿಸಿ ಬಯಲು ಈ ಗದ್ದದ ಮೇಲೆ ಕಾಣುತ್ತಿತ್ತು.

ಮಧ್ಯಾಹ್ನ ಒಂದು ಶೋಲಾದ ಅಂಚಿನಲ್ಲಿ ಬಿಳಿಹೊಟ್ಟೆ ಶೋಲಕಿಳಿ. ಕುಪ್ಪಳಿಸುವುದು ಹಾಗೆಯೇ, ಎಲೆ ಎತ್ತಿ ಎಸೆಯುವುದು ಹಾಗೆಯೇ. ಪಕ್ಕೆಯಲ್ಲಿ ಮಾತ್ರ ಕಂದುಗೆಂಪು ಇಲ್ಲವೇ ಇಲ್ಲ, ಅಲ್ಲೂ ನೀಲಿಬೂದು, ನಡುವೆ ಬಿಳಿ.

ರಾತ್ರಿ ಮಳೆ ನಿಂತ ಮೇಲೆ ಹೋಂಸ್ಟೇ ಬೇಲಿಯಲ್ಲಿ ಟಿಕ್ ಟಿಕ್ ಟಿಕ್ ಅಂತ ಶುರುವಾಯಿತು. ಟಾರ್ಚ್ ಹಿಡಿದು ಹುಡುಕಿದರೆ ಸದ್ದು ಇಲ್ಲೇ ಇದೆ, ಕಪ್ಪೆ ಕಾಣುವುದಿಲ್ಲ. ಕೊನೆಗೆ ತಂಗಿ ಕಂಡುಹಿಡಿದಳು. ಎಲೆಯ ಮೇಲೆ, ಹೆಬ್ಬೆರಳ ಉಗುರಿನಷ್ಟು ಜೀವ. ಗಂಟಲಿನ ಚೀಲ ಉಬ್ಬಿದಾಗ ತೆಳ್ಳಗಾಗಿ ಟಾರ್ಚಿನ ಬೆಳಕು ಅದರ ಆಚೆಗೂ ಕಾಣುತ್ತಿತ್ತು, ಚೀಲವೇ ಕಪ್ಪೆಯಷ್ಟು ದೊಡ್ಡದು. ಇವು ಪೊದೆಗಪ್ಪೆಗಳು. ಇವಕ್ಕೆ ಗೊದಮೊಟ್ಟೆ ಹಂತವೇ ಇಲ್ಲ. ಮೊಟ್ಟೆ ಒಡೆದು ನೇರ ಪುಟಾಣಿ ಕಪ್ಪೆ ಬರುತ್ತದೆ, ಕೆರೆ ತೊರೆ ಬೇಕಾಗಿಲ್ಲ, ತೇವದ ಎಲೆ ಸಾಕು. ಬೇಕಾದ್ದೆಲ್ಲ ಅಲ್ಲೇ ಸಿಗುವುದರಿಂದ, ಮೈಯೂ ಇಷ್ಟು ಚಿಕ್ಕದಾದ್ದರಿಂದ, ದೂರ ಹೋಗುವುದು ಕಡಿಮೆ. ಹಕ್ಕಿಗೆ 30 ಕಿಲೋಮೀಟರ್ ಬಯಲು ಅಡ್ಡ ಬರಬೇಕಾಯಿತು, ಈ ಕಪ್ಪೆಗೆ ಒಂದು ಬೆಚ್ಚನೆಯ ಚಿಕ್ಕ ಕಣಿವೆಯೂ ಸಾಕು. ಅದಕ್ಕೇ ಒಂದೊಂದು ಬೆಟ್ಟಕ್ಕೆ ಒಂದೊಂದು ಪ್ರಭೇದ. ಈಗ ಈ ಕುಲದಲ್ಲಿ 60ಕ್ಕೂ ಹೆಚ್ಚು ಪ್ರಭೇದಗಳು ಗೊತ್ತಿವೆ. 2014ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಒಂದೇ ಏಟಿಗೆ ಒಂಬತ್ತು ಹೊಸದನ್ನು ವಿವರಿಸಿತು. ಇದೇ ಎರವಿಕುಳಂ ಉದ್ಯಾನದ ಎತ್ತರದಲ್ಲಿರುವ ಕೆಂಪುಕಿತ್ತಳೆ ಬಣ್ಣದ ಒಂದು ಪೊದೆಗಪ್ಪೆಗೆ ಹೆಸರು ಸಿಕ್ಕಿದ್ದು 2010ರಲ್ಲಿ.

ಆ ಕುಲದ ಹೆಸರು ರಾವೋರ್ಕೆಸ್ಟಿಸ್. ಅದರಲ್ಲಿರುವ ರಾವ್ ನಮ್ಮವರೇ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್. 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು. ಸಕಲೇಶಪುರದ ಹತ್ತಿರದ ಕೆಂಪುಹೊಳೆ ಕಾಡಿನ ಕಪ್ಪೆಗಳನ್ನು 1937ರಲ್ಲೇ ವಿವರಿಸಿದವರು. ಡಿಎನ್‌ಎ ಇಲ್ಲ, ರೆಕಾರ್ಡರ್ ಇಲ್ಲ, ಹೆಡ್‌ಲ್ಯಾಂಪ್ ಇಲ್ಲ. ಆ ಜಿಗಣೆಯ ಕಾಡಿನಲ್ಲಿ ಇಂಥ ಉಗುರಿನಷ್ಟರ ಪ್ರಾಣಿಯನ್ನು ಹಿಡಿದು, ಬೆರಳು ಎಣಿಸಿ, ಇದು ಬೇರೆ ಅದು ಬೇರೆ ಅಂತ ಬರೆದಿಟ್ಟರು. ಅವರ ಬಗ್ಗೆ ನನಗೆ ತುಂಬಾ ಗೌರವ. ನಮ್ಮ ಶಾಲೆಯ ಪಾಠಗಳಲ್ಲಿ ಅವರ ಹೆಸರು ಒಮ್ಮೆಯಾದರೂ ಬರಬೇಕು.

ಗುರುವಾರ: ಸೆಂಗೋಟ್ಟೈ

ಬೋಡಿ ಘಾಟ್ ಇಳಿದು ತೇನಿ, ರಾಜಪಾಳಯಂ, ತೆಂಕಾಸಿ. ದಿನವೆಲ್ಲ ಕಾರು. ಬಲಗಡೆಗೆ ಘಟ್ಟ, ಎಡಕ್ಕೆ ಬಯಲು. ಸಂಜೆ ಸೆಂಗೋಟ್ಟೈ ಹತ್ತಿರ ಘಟ್ಟ ತಗ್ಗಾಗಿ, ರಸ್ತೆ ರೈಲು ಎರಡೂ ಆರ್ಯಂಕಾವಿನ ಕಡೆ ನುಗ್ಗುವ ಕಣಿವೆ ಬಂತು. ಪಾಲಕ್ಕಾಡ್ ನೋಡಿದ ಕಣ್ಣಿಗೆ ಇದು ಏನೂ ಅಲ್ಲ. ಏಳೆಂಟು ಕಿಲೋಮೀಟರ್ ಅಗಲ.

ಇಷ್ಟರ ಆಚೆಗೆ, ಅಗಸ್ತ್ಯಮಲೆಯ ಮೇಲೆ ಇರುವುದು ಮೂರನೆಯದು, ಅಶಾಂಬು ಶೋಲಕಿಳಿ. ಅದಕ್ಕೆ ಹೆಸರು ಬಂದದ್ದು 2017ರಲ್ಲಿ. ನೋಡಲು ಹೆಚ್ಚುಕಡಿಮೆ ಮುನ್ನಾರ್‌ನ ಬಿಳಿಹೊಟ್ಟೆಯದ್ದರ ಹಾಗೆಯೇ. ಕಣ್ಣಿಗೆ ಸಿಗದ ವ್ಯತ್ಯಾಸ ಡಿಎನ್‌ಎಯಲ್ಲಿ ಸಿಕ್ಕಿತು. ಮೇಲೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅಗಸ್ತ್ಯಕೂಡಂ ಚಾರಣಕ್ಕೆ ಬಿಡುವುದು ಜನವರಿಯಿಂದ. ಹಾಗಾಗಿ ಮೂರನೆಯದನ್ನು ನೋಡದೆ ಕಣಿವೆಯನ್ನಷ್ಟೇ ನೋಡಿದೆವು.

ನನಗೆ ಇಲ್ಲಿ ಬಹಳ ಬೆರಗು ಹುಟ್ಟಿಸುವ ಲೆಕ್ಕ ಒಂದಿದೆ. ಊಟಿಯ ಕಂದುಗೆಂಪು ಪಕ್ಕೆಯ ಶೋಲಕಿಳಿಯ ನೆಲೆ ಉತ್ತರಕ್ಕೆ ನಮ್ಮ ಬಾಬಾಬುಡನ್‌ಗಿರಿಯವರೆಗೂ ಇದೆ. ನೇರ ಗೆರೆ ಎಳೆದರೂ ಇನ್ನೂರು ಕಿಲೋಮೀಟರ್‌ಗೆ ಜಾಸ್ತಿ. ಅಷ್ಟು ದೂರಕ್ಕೂ ಪ್ರಭೇದ ಒಂದೇ. ಇಲ್ಲಿ ಏಳೆಂಟು ಕಿಲೋಮೀಟರ್‌ಗೆ ಎರಡು. ಬಾಬಾಬುಡನ್‌ಗಿರಿಗೂ ನೀಲಗಿರಿಗೂ ನಡುವೆ ಕೊಡಗು, ವಯನಾಡಿನ ಬೆಟ್ಟಗಳು ಒಂದಕ್ಕೊಂದು ಆತುಕೊಂಡು ಇವೆ. ತಂಪಿನ ಕಾಲದಲ್ಲಿ ಕಾಡಿನಿಂದ ಕಾಡಿಗೆ ಹೋಗಲು ಮೆಟ್ಟಿಲು ಸಿಗುತ್ತದೆ. ಸೆಂಗೋಟ್ಟೈನಲ್ಲಿ ಅಗಲ ಕಡಿಮೆ, ಆದರೆ ಆಳ ಜಾಸ್ತಿ, ಬಿಸಿ ಜಾಸ್ತಿ. ಕಿಲೋಮೀಟರ್ ಲೆಕ್ಕದಲ್ಲಿ ಜೀವವಿಕಾಸ ಅರ್ಥವಾಗುವುದಿಲ್ಲ, ಆ ಪ್ರಾಣಿಗೆ ದಾಟಲು ಆಗುತ್ತದೋ ಇಲ್ಲವೋ ಅನ್ನುವುದೊಂದೇ ಲೆಕ್ಕ.

ಊಟದ ಹೊತ್ತಿಗೆ ಪುಟ್ಟಿ ಇನ್ನೊಂದು ಕೇಳಿದಳು. ಊಟಿಯಲ್ಲಿ ಟೀ ತೋಟ, ನೀಲಗಿರಿ ಮರದ ನೆಡುತೋಪು ಎಲ್ಲ ಬಂದು ಶೋಲಾ ಕಾಡು ತುಂಡುತುಂಡಾಗಿದೆಯಲ್ಲ, ಹಾಗಾದರೆ ಇನ್ನಷ್ಟು ಹೊಸ ಪ್ರಭೇದಗಳು ಆಗಬೇಕಲ್ಲವಾ ದೊಡ್ಡಮ್ಮ? ಕೇಳಿದ್ದು ಸರಿಯಾಗಿಯೇ ಇದೆ, ತರ್ಕ ಸರಿ. ತಪ್ಪಿರುವುದು ಕಾಲದಲ್ಲಿ. ಪಾಲಕ್ಕಾಡ್ ಕಣಿವೆಗೆ ಸಿಕ್ಕ ಕಾಲ ಲಕ್ಷಗಟ್ಟಲೆ ವರ್ಷಗಳದ್ದು, ಎರಡೂ ಕಡೆ ದೊಡ್ಡ ಬೆಟ್ಟಸಾಲು, ಸಾವಿರಾರು ಹಕ್ಕಿ. ಟೀ ತೋಟಕ್ಕೆ ಸಿಕ್ಕಿದ್ದು ಇನ್ನೂರು ವರ್ಷವೂ ಇಲ್ಲ, ತುಂಡುಗಳು ಕೆಲವು ಹೆಕ್ಟೇರ್. ಅಷ್ಟು ಚಿಕ್ಕ ಗುಂಪಿನಲ್ಲಿ ಒಳಗೊಳಗೇ ಕೂಡಾವಳಿ ಆಗಿ ಜೀನ್‌ಗಳ ವೈವಿಧ್ಯ ಕಳೆದುಹೋಗುತ್ತದೆ, ಒಂದು ರೋಗ ಬಂದರೂ, ಒಂದು ಬೆಂಕಿ ಬಿದ್ದರೂ ಮುಗಿಯಿತು. ಬೇರೆಯಾಗುವ ಮೊದಲೇ ಇಲ್ಲವಾಗುತ್ತವೆ. ಶೋಲಕಿಳಿಗಳ ಹಾಡುಗಳನ್ನು ರೆಕಾರ್ಡ್ ಮಾಡಿ ಹೋಲಿಸಿದ ಚೇತನಾ ಪುರುಷೋತ್ತಮ್ ಮತ್ತು ರಾಬಿನ್ ಅವರ ಅಧ್ಯಯನವೂ ಇದೆ. ಹಳೆಯ ಕಣಿವೆಗಳ ಎರಡು ಕಡೆಯ ಹಾಡುಗಳಲ್ಲಿ ವ್ಯತ್ಯಾಸ ಜಾಸ್ತಿ, ಇತ್ತೀಚೆಗೆ ಕಾಡು ಕಡಿದು ದೂರವಾದ ಗುಂಪುಗಳಲ್ಲಿ ಕಡಿಮೆ. ಅಂದರೆ ಈ ತುಂಡುಗಳ ಹಕ್ಕಿಗಳ ಹಾಡು ಕೆಲವು ಅಂಶಗಳಲ್ಲಿ ಬೇರೆಯಾಗುತ್ತಿದ್ದರೂ ಇನ್ನೂ ಅಷ್ಟು ದೂರ ಹೋಗಿಲ್ಲ. ನಡುವೆ ಕಾಡು ಮತ್ತೆ ಬೆಳೆಯಲು ಬಿಟ್ಟರೆ ಅವು ಮತ್ತೆ ಕೂಡಬಲ್ಲವು. ಇದಕ್ಕೆ ಇನ್ನೂ ಹೊತ್ತು ಮೀರಿಲ್ಲ, ಇದನ್ನು ಮಾಡಲೇಬೇಕು ಅಂತ ನಾನು ನಂಬಿದ್ದೇನೆ.

ನಾಳೆ ಮಧುರೈ, ಸೇಲಂ ಮೇಲೆ ಮೈಸೂರಿಗೆ. ಮುಂದಿನದು ವಯನಾಡು ಅಂತ ತಂಗಿಯೇ ಹೇಳಿಬಿಟ್ಟಳು. ನಾಲ್ಕು ಚಿಲಪ್ಪನ್‌ಗಳಲ್ಲಿ ಇನ್ನೊಂದು ಇರುವುದು ಅಲ್ಲೇ, ಬಾಣಾಸುರ ಚಿಲಪ್ಪನ್, ಕಪ್ಪು ಗದ್ದ, ಬೂದು ಎದೆ. ಬಾಣಾಸುರ, ಚೆಂಬ್ರಾದಂಥ ಕೆಲವೇ ಶಿಖರಗಳ ನೆತ್ತಿಯಲ್ಲಿ ಮಾತ್ರ ಇದೆ, ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಹವೆ ಬಿಸಿಯಾದರೆ ಮೇಲೆ ಹೋಗಲು ಇನ್ನು ಬೆಟ್ಟವೇ ಉಳಿದಿಲ್ಲ. ಮಳೆ ನಿಂತ ಮೇಲೆ, ಡಿಸೆಂಬರಿನಲ್ಲಿ, ಪುಟ್ಟಿಯ ಪರೀಕ್ಷೆಗೆ ಮುಂಚೆ ಹೋಗಿಬರಬೇಕು.